ಬಣ್ಣ ಕೊನೆಗೆ: ಮನೆಯ ಶೆಡ್ಡಿನಲ್ಲಿ ಹಳೇ ಯೆಜ್ಡಿ ರೆಡಿ ಮಾಡುವುದು ಹೇಗೆ

ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆ ಹಳೇ ಎಸ್ಟೇಟುಗಳಲ್ಲಿ ವಿಚಾರಿಸಿದರೆ ಈಗಲೂ ಎಲ್ಲೋ ಒಂದು ಯೆಜ್ಡಿ ಬೈಕು ಸಿಗುತ್ತದೆ. ಗೊಬ್ಬರದ ಗೋದಾಮಿನ ಮೂಲೆಯಲ್ಲೋ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹಿಂದೆಯೋ ಹರಿದ ಟಾರ್ಪಾಲು ಹೊದ್ದು ನಿಂತಿರುತ್ತದೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಈ ಬೈಕುಗಳನ್ನು ಮಾಡಿತು. ಮೊದಲು ಜಾವಾ ಹೆಸರಿನಲ್ಲಿ, ಆಮೇಲೆ ಯೆಜ್ಡಿ ಹೆಸರಿನಲ್ಲಿ. ಹಾಗಾಗಿ ಕೊನೆಯ ವರ್ಷದ ಬೈಕಿಗೂ ಈಗ ಮೂವತ್ತರ ಹತ್ತಿರ ವಯಸ್ಸು.

ಇಂಥ ಬೈಕು ಮನೆಗೆ ಬಂದ ಕೂಡಲೇ ಎಲ್ಲರೂ ಮೊದಲು ಮಾಡುವುದು ಪೇಂಟಿಂಗ್ ಅಂಗಡಿಗೆ ಒಯ್ಯುವ ಕೆಲಸ. ಅದನ್ನು ಮಾಡಬೇಡಿ. ಫಳಫಳ ಹೊಳೆಯುವ ಟ್ಯಾಂಕು, ಒಳಗೆ ಸೀಲು ಹೋದ ಎಂಜಿನ್ನು: ಇಂಥ ಬೈಕುಗಳು ಆರು ತಿಂಗಳಿಗೆ ಮತ್ತೆ ಮೂಲೆ ಸೇರುತ್ತವೆ, ಇಲ್ಲವೇ ಮಾರಾಟಕ್ಕೆ ಬರುತ್ತವೆ. ಓಡುವುದು ಮೊದಲು, ನಿಲ್ಲುವುದು ಅಂದರೆ ಬ್ರೇಕು ಎರಡನೆಯದು, ಬಣ್ಣ ಎಲ್ಲಕ್ಕಿಂತ ಕೊನೆಗೆ. ಇಲ್ಲಿ ಬರೆದಿರುವುದೆಲ್ಲ ಅದೇ ಸಾಲಿನಲ್ಲಿದೆ.

ಕೊಳ್ಳುವ ಮೊದಲು

ಎಂಜಿನ್ ಜಾಮ್ ಆಗಿದ್ದರೂ ಚಿಂತೆಯಿಲ್ಲ, ಬಿಡಿಸಬಹುದು. ಕಾಗದ ಇಲ್ಲದಿದ್ದರೆ ಕಷ್ಟ. ಆರ್‌ಸಿ ಪುಸ್ತಕ ಕೈಗೆ ತಗೊಂಡು, ಅದರಲ್ಲಿರುವ ಚಾಸಿ ನಂಬರ್ ಮತ್ತು ಎಂಜಿನ್ ನಂಬರನ್ನು ಬೈಕಿನ ಮೇಲಿರುವ ನಂಬರ್ ಜೊತೆ ಒಂದೊಂದೇ ಅಂಕಿ ಹೋಲಿಸಿ ನೋಡಿ. ಗ್ರೀಸ್, ಮಣ್ಣು ಕೂತಿದ್ದರೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ನೋಡಿ. ಯಾರೋ ಉಜ್ಜಿ ಮತ್ತೆ ಹೊಡೆದ ಹಾಗೆ ಕಂಡರೆ ಆ ಬೈಕು ಬೇಡವೇ ಬೇಡ, ಎಷ್ಟೇ ಕಡಿಮೆಗೆ ಸಿಕ್ಕರೂ.

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ, ಅದಕ್ಕೆ ಫಾರಂ 25. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಆರ್‌ಸಿಯಲ್ಲಿರುವ ಮಾಲೀಕರು ತೀರಿಹೋಗಿದ್ದರೆ ಮೊದಲು ವಾರಸುದಾರರ ಹೆಸರಿಗೆ ಮಾಡಿಸಬೇಕು. ನಮ್ಮ ಕಡೆ ಇದು ಜಾಸ್ತಿ. ಅಜ್ಜನ ಹೆಸರಿನಲ್ಲಿ ಬೈಕು, ಮೊಮ್ಮಗ ಮಾರುವವನು. ದುಡ್ಡು ಕೊಡುವ ಮೊದಲೇ ಹಾಸನವೋ ಚಿಕ್ಕಮಗಳೂರೋ ಸಕಲೇಶಪುರವೋ, ಆ ನಂಬರ್ ಯಾವ ಆರ್‌ಟಿಒ ಕಚೇರಿಯದೋ ಅಲ್ಲಿಗೇ ಹೋಗಿ ದಾಖಲೆ ಇದೆಯಾ, ತೆರಿಗೆ ಬಾಕಿ ಇದೆಯಾ ಅಂತ ಕೇಳಿ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಬೈಕಾದರೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ನಡೆಯುತ್ತದೆ. ಆದರೆ ಹಾಗೆ ಮಾಡಿಸಿದ ಬೈಕನ್ನು ದಿನನಿತ್ಯ ಓಡಿಸುವಂತಿಲ್ಲ. ಸಂತೆಗೆ, ತೋಟಕ್ಕೆ ಓಡಿಸುವ ಆಸೆಯಿದ್ದರೆ ಮಾಮೂಲಿ ನವೀಕರಣವೇ ಸರಿ.

ಇನ್ನೊಂದು ಮಾತು. ಯೂರಿಯಾ, ಪೊಟ್ಯಾಷ್ ಮೂಟೆಗಳ ಪಕ್ಕ ನಿಂತಿದ್ದ ಬೈಕಿಗೆ ತುಕ್ಕು ಬೇರೆಯದಕ್ಕಿಂತ ಜಾಸ್ತಿ. ಗೊಬ್ಬರ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಅದರ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ಅಂಥ ಬೈಕಾದರೆ ಸೀಟು ಎತ್ತಿ, ಚಾಸಿಯ ಬೆಸುಗೆ ಇರುವ ಜಾಗಗಳಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಒಳಗೆ ಇಳಿದರೆ ಆ ಚಾಸಿಯನ್ನು ನಂಬುವ ಹಾಗಿಲ್ಲ.

ಯಾವ ಕಾಲಕ್ಕೆ ಯಾವ ಕೆಲಸ

ಮಲೆನಾಡಿನಲ್ಲಿ ಮಳೆ ನೋಡಿಕೊಂಡೇ ಕೆಲಸ ಹೊಂದಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಣ್ಣದ ಡಬ್ಬ ಮುಟ್ಟಬೇಡಿ. ಗಾಳಿಯಲ್ಲಿ ತೇವ ಇದ್ದಾಗ ಬಣ್ಣ ಹೊಡೆದರೆ ಮೇಲೆ ಹಾಲಿನಂಥ ಬಿಳಿ ಮಬ್ಬು ಕೂರುತ್ತದೆ, ಪ್ರೈಮರ್ ಕೆಳಗೇ ತುಕ್ಕು ಮತ್ತೆ ಶುರುವಾಗುತ್ತದೆ. ಮಳೆಗಾಲದಲ್ಲಿ ಬಿಚ್ಚುವುದು, ತೊಳೆಯುವುದು, ಎಂಜಿನ್ ಕೆಲಸ, ಬಿಡಿಭಾಗ ಹುಡುಕುವುದು ಮಾಡಿ. ದೀಪಾವಳಿ ಹೊತ್ತಿಗೆ ಎಂಜಿನ್ ಕೂರಿಸಿ. ಜನವರಿಯಿಂದ ಏಪ್ರಿಲ್ ಒಳಗೆ ಬಣ್ಣ. ತೋಟ ಇರುವವರಿಗೆ ಡಿಸೆಂಬರ್, ಜನವರಿಯಲ್ಲಿ ಕಾಫಿ ಕೊಯ್ಲಿನ ಗಡಿಬಿಡಿ, ಆಗ ಬೈಕಿಗೆ ಕೈ ಹಾಕುವುದು ಸುಮ್ನೆ ಆಸೆ ಅಷ್ಟೇ.

ಶೆಡ್ಡಿಗೆ ಸಿಮೆಂಟ್ ನೆಲ, ಒಳ್ಳೆ ಬೆಳಕು, ಗಾಳಿ ಬೇಕು. ರಿಂಗ್ ಸ್ಪ್ಯಾನರ್ ಸೆಟ್, ಬಾಕ್ಸ್ ಸ್ಪ್ಯಾನರ್, ಸಣ್ಣ ಅಂತರ ಅಳೆಯುವ ಫೀಲರ್ ಗೇಜ್, ಮಲ್ಟಿಮೀಟರ್, ಒಂದು ವರ್ನಿಯರ್ ಸಾಕು. ಇವುಗಳ ಜೊತೆ ಸುತ್ತಿಗೆಯಲ್ಲಿ ಹೊಡೆದಾಗ ತಿರುಗುವ ಇಂಪ್ಯಾಕ್ಟ್ ಸ್ಕ್ರೂಡ್ರೈವರ್ ತಗೊಳ್ಳಲೇಬೇಕು. ಎಂಜಿನ್ ಕವರಿನ ಹಳೇ ಸ್ಕ್ರೂಗಳು ಅಲ್ಯೂಮಿನಿಯಂಗೆ ಕಚ್ಚಿಕೊಂಡಿರುತ್ತವೆ. ಸಾದಾ ಸ್ಕ್ರೂಡ್ರೈವರಿನಲ್ಲಿ ಜೋರು ಮಾಡಿದರೆ ತಲೆ ಸವೆದು ಹೋಗುತ್ತದೆ, ಆಮೇಲೆ ಡ್ರಿಲ್ ಹಾಕುವ ಪಾಡು.

ಬಿಚ್ಚುವ ಮೊದಲು ಒಮ್ಮೆ ಸ್ಟಾರ್ಟ್ ಮಾಡಿ

ಬೈಕು ಓಡುವಾಗ ಏನು ಶಬ್ದ ಮಾಡುತ್ತದೆ, ಎಲ್ಲಿ ಹೊಗೆ ಬರುತ್ತದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಆದರೆ ಬಂದ ಕೂಡಲೇ ಕಿಕ್ ಹೊಡೆಯಬೇಡಿ. ಮೊದಲು ಸೈಲೆನ್ಸರ್ ಬಾಯಿ, ಏರ್ ಫಿಲ್ಟರ್ ಗೂಡು ನೋಡಿ. ಸೈಲೆನ್ಸರಿನಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುತ್ತದೆ. ಫಿಲ್ಟರ್ ಗೂಡಿನಲ್ಲಿ ಇಲಿ ಗೋಣಿನಾರು, ಕಾಫಿ ಹೊಟ್ಟು ತುಂಬಿ ಮರಿ ಹಾಕಿರುತ್ತದೆ. ಆ ಮಣ್ಣು, ಆ ಹೊಟ್ಟು ಎಂಜಿನ್ ಒಳಗೆ ಹೋದರೆ ಬೋರ್, ಅಂದರೆ ಪಿಸ್ಟನ್ ಓಡಾಡುವ ಒಳಗೋಡೆ, ಗೀಚಿ ಹಾಳಾಗುತ್ತದೆ.

ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಒಂದಿಷ್ಟು 2ಟಿ ಆಯಿಲ್ (ಟೂ-ಸ್ಟ್ರೋಕ್ ಬೈಕಿಗೆ ಪೆಟ್ರೋಲಿನಲ್ಲಿ ಬೆರೆಸುವ ಎಣ್ಣೆ) ಬಿಟ್ಟು ಒಂದು ರಾತ್ರಿ ಬಿಡಿ. ಮರುದಿನ ಟಾಪ್ ಗೇರ್ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ತಿರುಗಿದರೆ ಒಳ್ಳೆಯದು. ತಿರುಗದಿದ್ದರೆ ತುಕ್ಕು ಬಿಡಿಸುವ ಎಣ್ಣೆಯನ್ನೋ ಡೀಸೆಲ್ಲನ್ನೋ ತುಂಬಿ, ವಾರಗಟ್ಟಲೆ ಕಾಯಿರಿ. ದಿನಕ್ಕೊಮ್ಮೆ ಆಡಿಸಿ ನೋಡಿ. ಕಿಕ್ ಮೇಲೆ ನಿಂತು ಕುಣಿಯುವುದು, ಪಿಸ್ಟನ್ ತಲೆಗೆ ಸುತ್ತಿಗೆಯಲ್ಲಿ ಬಡಿಯುವುದು ಬೇಡ. ಕನೆಕ್ಟಿಂಗ್ ರಾಡ್ ಬಾಗಿದರೆ ಖರ್ಚು ಎಲ್ಲಿಗೋ ಹೋಗುತ್ತದೆ.

ಎಂಜಿನ್ ತಿರುಗಿದರೆ ಪ್ಲಗ್ಗಿಗೆ ಕರೆಂಟ್ ಬರುತ್ತಿದೆಯಾ ನೋಡಿ. ಹಳೇ 6 ವೋಲ್ಟಿನ ಬೈಕುಗಳಲ್ಲಿ ಇಗ್ನಿಷನ್ ನಡೆಯುವುದು ಬ್ಯಾಟರಿಯಿಂದ. ಸತ್ತ ಬ್ಯಾಟರಿ ಇಟ್ಟುಕೊಂಡು ಎಷ್ಟು ಕಿಕ್ ಹೊಡೆದರೂ ಅಷ್ಟೇ. ಒಳ್ಳೆ ಬ್ಯಾಟರಿ ಹಾಕಿ, ಪಾಯಿಂಟನ್ನು (ತೆರೆದು ಮುಚ್ಚುತ್ತಾ ಪ್ಲಗ್ಗಿನ ಕಿಡಿಯ ಹೊತ್ತು ಗೊತ್ತುಮಾಡುವ ಲೋಹದ ತುದಿಗಳು) ನುಣ್ಣನೆ ಮರಳು ಕಾಗದದಲ್ಲಿ ಉಜ್ಜಿ, ಪೂರ್ತಿ ತೆರೆದಾಗ 0.4 ಮಿ.ಮೀ. ಅಂತರ ಇಡಿ. ಪಾಯಿಂಟಿನ ಮಧ್ಯೆ ದಪ್ಪ ಹಳದಿ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಹೋಗಿದೆ ಅಂತ ಅರ್ಥ. ಹಳೇ ಟ್ಯಾಂಕಿನ ಪೆಟ್ರೋಲ್ ಉಪಯೋಗಿಸಬೇಡಿ. ಒಂದು ಬಾಟಲಿಯಲ್ಲಿ ಹೊಸ ಪೆಟ್ರೋಲ್, ಅದಕ್ಕೆ ಅಳತೆಯ 2ಟಿ ಆಯಿಲ್ ಬೆರೆಸಿ, ಪೈಪಿನಲ್ಲಿ ಕಾರ್ಬುರೇಟರಿಗೆ ಕೊಡಿ. ಗೇರ್ ಬಾಕ್ಸಿನಲ್ಲಿ ಎಣ್ಣೆ ಇದೆಯಾ ನೋಡಿ. ಯೆಜ್ಡಿಯಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಲಿವರ್ ಅಲ್ವಾ? ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಅದೇ ಕಿಕ್ ಆಗುತ್ತದೆ. ಬಹಳ ದಿನ ನಿಂತ ಬೈಕಿನಲ್ಲಿ ಅದೂ ಬಿಗಿಯಾಗಿರುತ್ತದೆ. ಎಣ್ಣೆ ಬಿಟ್ಟು ಕೈಯಲ್ಲೇ ಆಡಿಸಿ ಸಡಿಲ ಮಾಡಿಕೊಳ್ಳಿ, ಕಾಲಲ್ಲಿ ಒದೆಯಬೇಡಿ.

ಸ್ಟಾರ್ಟ್ ಆದರೆ ಕಿವಿಗೊಟ್ಟು ಕೇಳಿ. ಎರಡು ನಿಮಿಷ ಸಾಕು, ಆಫ್ ಮಾಡಿ.

ಬಿಚ್ಚುವುದು

ಬಿಚ್ಚುವಾಗ ಫೋನಿನಲ್ಲಿ ಎಷ್ಟು ಫೋಟೊ ತೆಗೆದರೂ ಕಡಿಮೆಯೇ. ಕೇಬಲ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ವಾಷರ್ ಯಾವ ಬದಿಗಿದೆ, ಎಲ್ಲ ಬೇಕು. ಖಾಲಿ ಕಾಫಿಪುಡಿ ಡಬ್ಬಗಳಲ್ಲಿ ಒಂದೊಂದು ಭಾಗದ ನಟ್ಟು ಬೋಲ್ಟು ಹಾಕಿ, ಮೇಲೆ ಚೀಟಿ ಅಂಟಿಸಿ. ಹಳೇ ಬೋಲ್ಟ್ ಎಸೆಯಬೇಡಿ. ಹೊಸ ಬೋಲ್ಟಿನ ಮರೆ, ಅಂದರೆ ಥ್ರೆಡ್, ಹೊಂದದೆ, ಒತ್ತಿ ಕೂರಿಸಿ, ಅಲ್ಯೂಮಿನಿಯಂ ಮರೆ ಕಿತ್ತುಹೋದ ಎಂಜಿನ್ನುಗಳು ಬೇಕಾದಷ್ಟಿವೆ.

ಹಿಂದಿನ ಚೈನಿನ ಪೂರ್ತಿ ಕವರನ್ನು ಸ್ಟೈಲಿಗೆ ಅಂತ ತೆಗೆದುಹಾಕುವವರಿದ್ದಾರೆ. ನಮ್ಮ ಕೆಸರಿನ ರಸ್ತೆಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಜಜ್ಜಿದ್ದರೆ ಟಿಂಕರಿಂಗ್ ಮಾಡಿಸಿ, ಒಳಗೆ ಗ್ರೀಸ್ ಹಚ್ಚಿ, ಮತ್ತೆ ಹಾಕಿ.

ಎಂಜಿನ್

ಸಮಯ, ದುಡ್ಡು, ಗಮನ ಎಲ್ಲ ಜಾಸ್ತಿ ಹೋಗಬೇಕಾದ್ದು ಇಲ್ಲಿಗೆ.

ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿ ಮೊದಲು ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೋಣೆಗೆ ಬರುತ್ತವೆ. ಪಿಸ್ಟನ್ ಇಳಿದಾಗ ಅಲ್ಲಿ ಒತ್ತಡ ಎದ್ದು, ಪಿಸ್ಟನ್ ಓಡಾಡುವ ಬ್ಲಾಕಿನ ದಾರಿಗಳಿಂದ ಮೇಲೆ ಹೋಗುತ್ತವೆ. ಆದ್ದರಿಂದ ಆ ಕೋಣೆ ಗಾಳಿ ಆಡದ ಹಾಗೆ ಬಿಗಿ ಇರಬೇಕು. ಬಿಗಿ ಇಡುವುದು ಕ್ರ್ಯಾಂಕಿನ ಎರಡು ಬದಿಯ ರಬ್ಬರ್ ಸೀಲುಗಳು. ವರ್ಷಗಟ್ಟಲೆ ನಿಂತ ಬೈಕಿನಲ್ಲಿ ಅವು ಒಣಗಿ ಗಟ್ಟಿಯಾಗಿರುತ್ತವೆ. ಎಡಬದಿಯ ಸೀಲ್ ಹೋದರೆ ಎಂಜಿನ್ ಕ್ಲಚ್ ಕಡೆಯ ಎಣ್ಣೆಯನ್ನು ಎಳೆದುಕೊಂಡು ಸುಡುತ್ತದೆ. ದಟ್ಟ ಹೊಗೆ ನಿಲ್ಲುವುದೇ ಇಲ್ಲ, ಗೇರ್ ಆಯಿಲ್ ಸೋರಿಕೆಯೇ ಇಲ್ಲದೆ ಕಡಿಮೆಯಾಗುತ್ತದೆ. ಬಲಬದಿಯ, ಅಂದರೆ ಡೈನಮೊ ಕಡೆಯ ಸೀಲ್ ಹೋದರೆ ಬರೀ ಗಾಳಿ ಒಳಗೆ ಬರುತ್ತದೆ. ಹೊಗೆ ಕಾಣುವುದಿಲ್ಲ, ಎಂಜಿನ್ ತಾನಾಗಿಯೇ ರೇಸ್ ಆಗುತ್ತದೆ, ಕಾದು ಪಿಸ್ಟನ್ ಹಿಡಿಯುತ್ತದೆ. ಎರಡನೆಯದೇ ಜಾಸ್ತಿ ಅಪಾಯ. ಹಳೇ ಸೀಲ್ ನೋಡಲು ಚೆನ್ನಾಗಿದ್ದರೂ ಎರಡನ್ನೂ ಬದಲಿಸಿ. ಹೊಸ ಸೀಲಿನ ತುಟಿಗೆ ಎಣ್ಣೆ ಹಚ್ಚಿ, ಓರೆಯಾಗದ ಹಾಗೆ ಕೂರಿಸಿ. ಡೈನಮೊ ಆರ್ಮೇಚರ್ ತೆಗೆಯಲು ಪುಲ್ಲರ್ ಬೋಲ್ಟ್ ಬೇಕು, ಮೀಟಿ ತೆಗೆಯುವ ಹಾಗಿಲ್ಲ.

ಹೆಡ್ ಬಿಚ್ಚುವಾಗ ನಟ್ಟುಗಳನ್ನು ಎದುರುಬದುರು ಮಾಡಿ ಸ್ವಲ್ಪಸ್ವಲ್ಪವೇ ಸಡಿಲಿಸಿ. ಬ್ಲಾಕ್ ಎತ್ತುವಾಗ ಕ್ರ್ಯಾಂಕ್ ಬಾಯಿಗೆ ಶುದ್ಧ ಬಟ್ಟೆ ತುರುಕಿ. ಪಿಸ್ಟನ್ ಪಿನ್ನಿನ ಲಾಕ್ ಚಿಮ್ಮಿ ಒಳಗೆ ಬಿದ್ದರೆ ಪೂರ್ತಿ ಎಂಜಿನ್ ಬಿಚ್ಚಬೇಕಾದೀತು. ಹಳೇ ಲಾಕ್ ಮತ್ತೆ ಹಾಕಬೇಡಿ, ಹೊಸದೇ ಹಾಕಿ. ಪಿಸ್ಟನ್ ತಲೆಯ ಮೇಲೆ ಬಾಣದ ಗುರುತಿದ್ದರೆ ಅದು ಯಾವ ಕಡೆಗಿತ್ತು ಅಂತ ಫೋಟೊ ತೆಗೆಯಿರಿ. ರಿಂಗ್ ಕೂರುವ ತೋಡಿನಲ್ಲಿ ಒಂದು ಚಿಕ್ಕ ಪಿನ್ ಇರುತ್ತದೆ. ರಿಂಗಿನ ಬಾಯಿ ಆ ಪಿನ್ನಿಗೇ ಬರಬೇಕು. ಬರದಿದ್ದರೆ ಬಾಯಿ ಬ್ಲಾಕಿನ ಕಿಟಕಿಗೆ ಸಿಕ್ಕಿ ಮುರಿಯುತ್ತದೆ. ಬ್ಲಾಕನ್ನು ಇಳಿಸುವಾಗ ಎರಡೂ ಕೈಯ ಬೆರಳಲ್ಲಿ ರಿಂಗ್ ಅದುಮಿ, ಬಾಯಿ ಪಿನ್ನಿಗೆ ಕೂತಿದೆಯಾ ಅಂತ ಕಣ್ಣಲ್ಲಿ ನೋಡಿ, ಆಮೇಲೆ ಬಿಡಿ. ಇನ್ನೊಬ್ಬರು ಬ್ಲಾಕ್ ಹಿಡಿದುಕೊಂಡರೆ ಈ ಕೆಲಸ ಸಲೀಸು.

ಕನೆಕ್ಟಿಂಗ್ ರಾಡನ್ನು ನೇರ ಮೇಲೆ ಕೆಳಗೆ ಎಳೆದು ನೋಡಿ. ಅಕ್ಕಪಕ್ಕ ಸ್ವಲ್ಪ ಆಡಿದರೆ ಸಹಜ. ಮೇಲೆ ಕೆಳಗೆ ಟಕ್ ಅಂತ ಆಡಿದರೆ ಬೇರಿಂಗ್ ಹೋಗಿದೆ. ಕ್ರ್ಯಾಂಕ್ ಒತ್ತಿ ಬಿಡಿಸಿ, ಹೊಸ ರಾಡ್ ಹಾಕಿ, ಓರೆ ತೆಗೆಯುವ ಕೆಲಸ ಮನೆಯದ್ದಲ್ಲ. ಅದನ್ನೇ ದಿನವೂ ಮಾಡುವ ವರ್ಕ್‌ಶಾಪಿಗೆ ಕೊಡಿ.

ಬೋರಿನಲ್ಲಿ ಉಗುರಿಗೆ ಸಿಗುವಷ್ಟು ಗೀರು ಇದ್ದರೆ ಬೋರ್ ಮಾಡಿಸಬೇಕು. ಓವರ್‌ಸೈಜ್ ಪಿಸ್ಟನ್‌ಗಳು 0.25 ಮಿ.ಮೀ. ಮೆಟ್ಟಿಲಿನಲ್ಲಿ ಬರುತ್ತವೆ. ಇಲ್ಲಿ ಒಂದು ಕ್ರಮ ಇದೆ. ಹಾಸನದಲ್ಲಿ ಒಳ್ಳೆ ಲೇಥ್‌ನವರ ಹತ್ತಿರ ಬ್ಲಾಕ್ ಒಂದನ್ನೇ ಒಯ್ದರೆ ಅವರೇ ಹೇಳುತ್ತಾರೆ: "ಅಣ್ಣಾ, ಮೊದ್ಲು ಪಿಸ್ಟನ್ ತನ್ನಿ. ಅದನ್ನ ಅಳ್ದು ಬೋರ್ ಮಾಡ್ಕೊಡ್ತೀನಿ." ಹಾಗೆ ಹೇಳದೆ ಬ್ಲಾಕ್ ಇಸ್ಕೊಂಡು ಬೋರ್ ಮಾಡಲು ಹೊರಟವರಿಂದ ವಾಪಸ್ ತಗೊಳ್ಳಿ. ಹೊಸ ಪಿಸ್ಟನ್‌ಗಳಲ್ಲೂ ಕೂದಲೆಳೆಯ ವ್ಯತ್ಯಾಸ ಇರುತ್ತದೆ, ಬೋರ್ ಅದಕ್ಕೆ ಹೊಂದಬೇಕು.

ಬ್ಲಾಕಿನ ಎಕ್ಸಾಸ್ಟ್ ಬಾಯಿಯ ಮಸಿಯನ್ನು ಮರದ ಚಕ್ಕೆಯಲ್ಲಿ ಕೆರೆದು ತೆಗೆಯಿರಿ. ಎರಡೂ ಸೈಲೆನ್ಸರಿನ ಒಳಕೊಳವೆ ಬಿಚ್ಚಿ ಅಲ್ಲಿನ ಮಸಿಯನ್ನೂ ತೆಗೆಯಿರಿ. ದಾರಿ ಕಟ್ಟಿದ್ದರೆ ಎಷ್ಟೇ ಒಳ್ಳೆ ಎಂಜಿನ್ನೂ ಏರು ಹತ್ತುವುದಿಲ್ಲ.

ಬಿಡಿಭಾಗಗಳಿಗೆ ಮೈಸೂರೇ ಮೊದಲ ಜಾಗ. ಕಾರ್ಖಾನೆ ಮುಚ್ಚಿದರೂ ಈ ಬೈಕು ಬಲ್ಲ ಕೈಗಳು ಅಲ್ಲಿವೆ. ಆಮೇಲೆ ಬೆಂಗಳೂರಿನ ಜೆ.ಸಿ. ರಸ್ತೆ. ಹಳೇ ಭಾಗವನ್ನು ಕೈಯಲ್ಲಿ ಹಿಡಿದೇ ಹೋಗಿ. ಬೇರಿಂಗ್ ಆದರೆ ಅದರ ಮೇಲೆಯೇ ನಂಬರ್ ಇರುತ್ತದೆ, ಯಾವ ಊರಿನ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ.

ಟ್ಯಾಂಕು ಮತ್ತು ಇವತ್ತಿನ ಪೆಟ್ರೋಲ್

ಟ್ಯಾಂಕಿನ ಒಳತುಕ್ಕು ತೆಗೆಯಲು ಸಿಟ್ರಿಕ್ ಆಸಿಡ್ ಪುಡಿ ಚೆನ್ನಾಗಿ ಕೆಲಸ ಮಾಡುತ್ತದೆ. ಮೊದಲು ಸೋಪಿನ ನೀರಲ್ಲಿ ಜಿಡ್ಡು ತೊಳೆಯಿರಿ. ಪೆಟ್ರೋಲ್ ಕಾಕ್ ತೆಗೆದು ತೂತು ಮುಚ್ಚಿ. ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ ಪುಡಿ ಕರಗಿಸಿ ತುಂಬಿ ಒಂದು ದಿನ ಬಿಡಿ. ಚೆಲ್ಲಿದ ಮೇಲೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು ಚೆನ್ನಾಗಿ ಒಣಗಿಸಿ, ಕೂಡಲೇ 2ಟಿ ಆಯಿಲ್ ಸುರಿದು ಒಳಗೆಲ್ಲ ಆಡಿಸಿ. ಈ ಕೊನೆಯ ಕೆಲಸ ತಡವಾದರೆ ನಮ್ಮ ಹವೆಯಲ್ಲಿ ಸಂಜೆಯೊಳಗೆ ಕೆಂಪು ತುಕ್ಕು ಮತ್ತೆ ಕಾಣುತ್ತದೆ. ತೂತಿದ್ದ ಟ್ಯಾಂಕನ್ನು ಯಾರಿಗೂ ಹಾಗೇ ವೆಲ್ಡಿಂಗಿಗೆ ಕೊಡಬೇಡಿ. ಖಾಲಿ ಟ್ಯಾಂಕಿನೊಳಗಿನ ಪೆಟ್ರೋಲ್ ಆವಿ ಸಿಡಿದು ಜೀವ ಹೋಗಬಹುದು. ಅದನ್ನು ತೊಳೆದು, ಆವಿ ಕಳೆದು ಬೆಸೆಯುವುದು ಬಲ್ಲವರಿಗೇ ಒಯ್ಯಿರಿ.

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಈ ಬೈಕುಗಳು ತಯಾರಾದಾಗ ಆ ಯೋಚನೆಯೇ ಇರಲಿಲ್ಲ. ಎಥನಾಲ್ ಹಳೇ ರಬ್ಬರ್, ಕಾರ್ಕ್‌ಗಳನ್ನು ಮೆತ್ತಗೆ ಮಾಡುತ್ತದೆ, ಗಾಳಿಯ ತೇವವನ್ನೂ ಹೀರುತ್ತದೆ. ತೇವ ಜಾಸ್ತಿಯಾದಾಗ ನೀರು, ಎಥನಾಲ್ ಎರಡೂ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಥನಾಲ್ ತಡೆಯುವ ಹೊಸ ಪೈಪ್, ಕಾಕಿಗೆ ಹೊಸ ವಾಷರ್ ಹಾಕಿ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವುದಾದರೆ ಕಾಕ್ ಬಂದ್ ಮಾಡಿ ಕಾರ್ಬುರೇಟರಿನ ಪೆಟ್ರೋಲ್ ಖಾಲಿಯಾಗುವವರೆಗೆ ಓಡಿಸಿ ನಿಲ್ಲಿಸಿ. ಕಾರ್ಬುರೇಟರ್ ಜೆಟ್ಟಿನ ತೂತಿಗೆ ಸೂಜಿ ಹಾಕಬೇಡಿ, ಗಾಳಿ ಹೊಡೆದು ತೆಗೆಯಿರಿ.

ವೈರಿಂಗ್, ಬ್ರೇಕು

ಇಲಿ ಕಡಿದ ವೈರಿಂಗಿಗೆ ಟೇಪ್ ಸುತ್ತಿ ಸಾಗಿಸುವುದು ಬೇಡ. ಹೊಸ ಹಾರ್ನೆಸ್, ಅಂದರೆ ವೈರುಗಳ ಪೂರ್ತಿ ಕಟ್ಟು, ಸಿಗುತ್ತದೆ, ಒಮ್ಮೆ ಹಾಕಿ ಬಿಡಿ. ಅರ್ತ್ ಕೂರುವ ಜಾಗದಲ್ಲಿ ಲೋಹ ಕಾಣುವ ಹಾಗೆ ಕೆರೆಯಿರಿ. 6 ವೋಲ್ಟಿನಲ್ಲಿ ಲೈಟ್ ಮಂಕಾಗಿದ್ದರೆ ಬಹಳ ಸಲ ಕಾರಣ ಅಲ್ಲೇ ಇರುತ್ತದೆ.

ಬ್ರೇಕ್ ಡ್ರಮ್ ಒಳಗಿನ ಹಳೇ ಧೂಳನ್ನು ಊದಬೇಡಿ. ಹಳೇ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಲೈನರ್, ಕೇಬಲ್, ಸ್ಪ್ರಿಂಗ್ ಎಲ್ಲ ಹೊಸದು. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಅಂದರೆ 2019ರ 23ನೇ ವಾರ. ಅಷ್ಟು ಹಳೆಯದು ಮೇಲಿನ ಹಲ್ಲು ಚೆನ್ನಾಗಿದ್ದರೂ ಬೇಡ.

ಈಗ ಬಣ್ಣ

ಮೊದಲು ಯೋಚಿಸಿ, ನಿಜವಾಗಿಯೂ ಬೇಕಾ? ಕಾರ್ಖಾನೆಯ ಬಣ್ಣ, ಟ್ಯಾಂಕಿನ ಮೇಲೆ ಕೈಯಲ್ಲಿ ಎಳೆದ ಚಿನ್ನದ ಗೆರೆ ಉಳಿದಿದ್ದರೆ ಅದನ್ನು ಪಾಲಿಶ್ ಮಾಡಿ ಉಳಿಸಿಕೊಳ್ಳುವುದೇ ಮೇಲು. ಒಮ್ಮೆ ಉಜ್ಜಿದರೆ ಅದು ಮತ್ತೆ ಬರುವುದಿಲ್ಲ. ಕ್ರೋಮಿನ ಮೇಲಿನ ಚುಕ್ಕೆ ತುಕ್ಕಿಗೆ ಅಲ್ಯೂಮಿನಿಯಂ ಹಾಳೆಯನ್ನು ನೀರಲ್ಲಿ ಅದ್ದಿ ಉಜ್ಜಿ ನೋಡಿ, ಎಷ್ಟೋ ಹೋಗುತ್ತದೆ.

ಬಣ್ಣ ಬೇಕೇ ಬೇಕು ಅಂದರೆ ಚಾಸಿಯನ್ನು ಬರಿ ಲೋಹದವರೆಗೆ ತುಕ್ಕು ತೆಗೆಸಿ, ಅದೇ ದಿನ ಪ್ರೈಮರ್ ಹೊಡೆಸಿ. ಮರುದಿನಕ್ಕೆ ಬಿಡಬೇಡಿ. ಚಾಸಿ ನಂಬರ್ ಮೇಲೆ ಟೇಪ್ ಅಂಟಿಸಿ ಕಾಪಾಡಿ. ಆರ್‌ಟಿಒದಲ್ಲಿ ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವಾಗ ದಪ್ಪ ಬಣ್ಣದಲ್ಲಿ ನಂಬರ್ ಮುಚ್ಚಿಹೋಗಿದ್ದರೆ ತೊಂದರೆ. ಎರಡು ಡಬ್ಬ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣವನ್ನು ಮನೆಯಲ್ಲಿ ಸ್ಪ್ರೇ ಮಾಡಬೇಡಿ. ಅದರ ಗಟ್ಟಿಕಾರಕದ ಹೊಗೆ ಉಸಿರಾಟಕ್ಕೆ ಅಪಾಯ, ಸಾದಾ ಮಾಸ್ಕ್ ತಡೆಯುವುದಿಲ್ಲ.

ರಸ್ತೆಗೆ ಇಳಿಸಿದ ಮೇಲೆ

ಮೊದಲ ಸಲ ಸ್ಟಾರ್ಟ್ ಮಾಡಿ ಬಿಸಿಯಾಗುವವರೆಗೆ ಬಿಟ್ಟು, ಪೂರ್ತಿ ತಣ್ಣಗಾದ ಮೇಲೆ ಹೆಡ್ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿ. ಹೊಸ ಬೋರ್ ಆಗಿದ್ದರೆ ಮೊದಲ 500 ಕಿ.ಮೀ. ಲೀಟರಿಗೆ 50 ಮಿ.ಲೀ. 2ಟಿ ಆಯಿಲ್ ಹಾಕಿ, ಆಮೇಲೆ 40ಕ್ಕೆ ಇಳಿಸಿ. ಆ 500 ಕಿ.ಮೀ. ಮುಗಿಯುವವರೆಗೆ ಗಂಟೆಗೆ 50 ಕಿ.ಮೀ. ದಾಟಬೇಡಿ. ಈ ಓಡಾಟಕ್ಕೆ ಚಿಕ್ಕಮಗಳೂರಿನಿಂದ ಕಡೂರಿನ ಕಡೆಯ ರಸ್ತೆ ಚೆಂದ. ಮುಳ್ಳಯ್ಯನಗಿರಿ, ಚಾರ್ಮಾಡಿ, ಶಿರಾಡಿ ಎಲ್ಲ ಆಮೇಲೆ.

ಘಾಟಿ ಏರುವಾಗ ಎಲ್ಲರೂ ಎಂಜಿನ್ ಬಗ್ಗೆ ಯೋಚಿಸುತ್ತಾರೆ. ಈ ಬೈಕಿಗೆ ಇಳಿಯುವುದೂ ಅಷ್ಟೇ ಕಷ್ಟ. ಪಿಸ್ಟನ್‌ಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಗೇ. ಕೊಟ್ಟಿಗೆಹಾರದಿಂದ ಕೆಳಕ್ಕೆ ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಗೇರಿನಲ್ಲಿ ಎಂಜಿನ್ ಹಿಡಿತದ ಮೇಲೇ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಎಣ್ಣೆ ಮಾತ್ರ ಹೋಗುತ್ತಿರುವುದಿಲ್ಲ. ಆಗಾಗ ಕ್ಲಚ್ ಹಿಡಿದು ಒಂದು ಸಲ ಆಕ್ಸಿಲರೇಟರ್ ಕೊಡುತ್ತಾ ಇಳಿಯಿರಿ. ಬ್ರೇಕನ್ನು ಒಂದೇ ಸಮ ಒತ್ತಿ ಹಿಡಿಯಬೇಡಿ, ಡ್ರಮ್ ಕಾದರೆ ಹಿಡಿತ ಹೋಗುತ್ತದೆ. ನಡುವೆ ಬೈಕು ನಿಲ್ಲಿಸಿ ಆರಲು ಬಿಡಿ.

500 ಕಿ.ಮೀ. ಆದ ಮೇಲೆ ಗೇರ್ ಆಯಿಲ್ ಬದಲಿಸಿ, ಪಾಯಿಂಟ್ ಅಂತರ ಮತ್ತೆ ನೋಡಿ. ಪ್ಲಗ್ ಬಿಚ್ಚಿದಾಗ ತುದಿ ಕಾಫಿ ಕಂದು ಬಣ್ಣಕ್ಕಿದ್ದರೆ ಸರಿ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲೋ ಗಾಳಿ ಎಳೆಯುತ್ತಿದೆ. ಆಗ ಬೈಕು ನಿಲ್ಲಿಸಿ ಕಾರಣ ಹುಡುಕಿ. ಕರ್ರಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಜಾಸ್ತಿ, ಕಾರ್ಬುರೇಟರ್ ಸೂಜಿಯನ್ನು ಒಂದು ಮೆಟ್ಟಿಲು ಇಳಿಸಿ, ಹತ್ತು ಕಿಲೋಮೀಟರ್ ಓಡಿಸಿ ಮತ್ತೆ ಬಿಚ್ಚಿ ನೋಡಿ.